ಒಂದೇ ಶುಕ್ರವಾರ ಹುಟ್ಟಿದ ಕಾಡು

ಮೆಲ್ಬರ್ನ್‌ನಿಂದ ಈಶಾನ್ಯಕ್ಕೆ ಒಂದು ಗಂಟೆ ಕಾರಿನಲ್ಲಿ ಹೋದರೆ ಹೀಲ್ಸ್‌ವಿಲ್ ಅನ್ನುವ ಊರು ಸಿಗುತ್ತದೆ. ಅಲ್ಲಿಂದ ನಾರ್ಬೆಥಾಂಗ್ ಕಡೆಗೆ ಹತ್ತುವ ಘಾಟಿ ರಸ್ತೆಗೆ ಬ್ಲ್ಯಾಕ್ ಸ್ಪರ್ ಎಂದು ಹೆಸರು. ಎರಡೂ ಬದಿ ನೆಟ್ಟಗೆ ನಿಂತ ಬಿಳಿ ಕಾಂಡದ ಮರಗಳು. ಕತ್ತು ನೋಯುವಷ್ಟು ಮೇಲೆ ನೋಡಿದರೆ ಎಲೆ ಶುರುವಾಗುತ್ತದೆ. ಕೆಳಗೆ ಆಳೆತ್ತರದ ಜರಿಗಿಡಗಳು. ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮರಗಳೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ, ಒಂದೇ ಎತ್ತರ. ನಮ್ಮ ಮಲೆನಾಡಿನ ಕಾಡಿನಲ್ಲಿ ಅಜ್ಜನಂಥ ಮರ, ಪಕ್ಕದಲ್ಲಿ ಹರೆಯದ್ದು, ಬುಡದಲ್ಲಿ ಸಸಿ, ಎಲ್ಲ ಬೆರೆತುಕೊಂಡು ಇರುತ್ತವಲ್ಲ, ಆ ಥರ ಇಲ್ಲಿಲ್ಲ. ಒಂದೇ ಕ್ಲಾಸಿನ ಮಕ್ಕಳು ಪ್ರಾರ್ಥನೆಗೆ ಸಾಲುಗಟ್ಟಿದ ಹಾಗೆ ನಿಂತಿವೆ.

ಅವು ಒಂದೇ ಕ್ಲಾಸಿನವೇ. ಬಹುಪಾಲು ಮರಗಳು ಮೊಳೆತಿದ್ದು 1939ರ ಬೆಂಕಿಯ ಬೂದಿಯಲ್ಲಿ. ಆ ವರ್ಷದ ಜನವರಿ 13, ಶುಕ್ರವಾರ, ಅವುಗಳ ತಾಯಿಮರಗಳು ಸುಟ್ಟುಹೋಗಿದ್ದವು.

ಈ ಹಳೇ ಕತೆ ಈಗ ಯಾಕೆ ಅಂದರೆ, ಅದೇ ಮರಗಳ ಮೇಲೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಇವತ್ತಿಗೂ ಜಗಳ ನಡೆಯುತ್ತಿದೆ. ಸರ್ಕಾರಿ ಕಾಡಿನಲ್ಲಿ ನಾಟಾಕ್ಕಾಗಿ ಮರ ಕಡಿಯುವುದನ್ನು 2030ಕ್ಕೆ ನಿಲ್ಲಿಸುತ್ತೇವೆ ಎಂದು ಅಲ್ಲಿನ ಸರ್ಕಾರ 2019ರಲ್ಲಿ ಹೇಳಿತ್ತು. 2023ರ ಮೇ ತಿಂಗಳಲ್ಲಿ ಅಷ್ಟು ವರ್ಷ ಕಾಯುವುದಿಲ್ಲ ಎಂದು ತೀರ್ಮಾನಿಸಿ, 2024ರ ಜನವರಿ 1ರ ಗಡುವು ಇಟ್ಟಿತು. ಸಾಮಿಲ್ ಊರುಗಳು ಕಂಗಾಲಾದವು. ಪರಿಸರದವರು ಸಿಹಿ ಹಂಚಿದರು ಅಂದುಕೊಳ್ಳಬೇಡಿ, ಅವರೂ ಅರ್ಧ ಮನಸ್ಸಿನಲ್ಲೇ ಇದ್ದಾರೆ. ನಾಟಾ, ನೀರು, ಒಂದು ಪುಟ್ಟ ಪ್ರಾಣಿ, ಮುಂದಿನ ಕಾಡ್ಗಿಚ್ಚು, ಈ ನಾಲ್ಕೂ ಲೆಕ್ಕ ಬಂದು ನಿಲ್ಲುವುದು 1939ರ ಮರಗಳ ಬುಡದಲ್ಲೇ.

ಮೊದಲು ಮರದ ವಿಷಯ. ನಮಗೆ ನೀಲಗಿರಿ ಅಂದರೆ ಕೋಲಾರ, ಹೊಸಕೋಟೆ ಕಡೆ ಹೊಲದಲ್ಲಿ ನಿಂತ ಸಣಕಲು ಮರ. ಕಾಗದದ ಕಾರ್ಖಾನೆಗೆ, ಸೆಂಟ್ರಿಂಗ್ ಕಂಬಕ್ಕೆ ಹೋಗುವ ಮಾಲು. ಅಂತರ್ಜಲ ಕುಡಿದುಬಿಡುತ್ತದೆ ಎಂದು ಬೈಸಿಕೊಂಡು, 2017ರಲ್ಲಿ ರಾಜ್ಯದಲ್ಲಿ ಹೊಸದಾಗಿ ನೆಡುವುದಕ್ಕೇ ನಿಷೇಧ ಬಂತು. ಆ ಕುಲದ ತವರುಮನೆ ಆಸ್ಟ್ರೇಲಿಯಾ. ಅದೇ ಕುಲದ ದೈತ್ಯನ ಹೆಸರು ಮೌಂಟನ್ ಆ್ಯಶ್. ಟ್ಯಾಸ್ಮೇನಿಯಾದಲ್ಲಿ ಇದರ ಒಂದು ಮರ ಹತ್ತಿರ ಹತ್ತಿರ 100 ಮೀಟರ್ ಎತ್ತರ ಇದೆ. ಮರ ನೇರ, ಸೀಳಲು ಸುಲಭ, ನಾಟಾ ತಿಳಿಬಣ್ಣದ್ದು. ಮೆಲ್ಬರ್ನ್‌ನ ಎಷ್ಟೋ ಮನೆಗಳ ನೆಲಹಾಸು, ಕಿಟಕಿ, ಛಾವಣಿಯ ತೊಲೆ ಎಲ್ಲ ಇದರದ್ದೇ.

ಈ ಮರಕ್ಕೂ ಬೆಂಕಿಗೂ ಇರುವ ನಂಟು ವಿಚಿತ್ರದ್ದು. ನೀಲಗಿರಿ ಕುಲದ ಬಹುಪಾಲು ಮರಗಳು ಸುಟ್ಟು ಕರಕಲಾದರೂ ಕೆಲವೇ ವಾರದಲ್ಲಿ ಕಾಂಡದ ಮೇಲೆಲ್ಲ ಚಿಗುರುತ್ತವೆ. ಮೌಂಟನ್ ಆ್ಯಶ್ ಹಾಗೆ ಚಿಗುರುವುದಿಲ್ಲ. ಅದರ ತೊಗಟೆ ತೆಳು. ಜೋರು ಬೆಂಕಿ ಬಂದರೆ ಸತ್ತೇ ಹೋಗುತ್ತದೆ. ಆದರೆ ಸಾಯುವಾಗ ನೆತ್ತಿಯಲ್ಲಿ ಕಾಯಿಯೊಳಗೆ ಕೂಡಿಟ್ಟ ಬೀಜವನ್ನೆಲ್ಲ ಬೂದಿಯ ಮೇಲೆ ಸುರಿಯುತ್ತದೆ. ನೆರಳಿಲ್ಲ, ಪೈಪೋಟಿಯಿಲ್ಲ, ಗೊಬ್ಬರದಂಥ ಬೂದಿ. ಎಕರೆಗೆ ಲಕ್ಷಗಟ್ಟಲೆ ಸಸಿ ಏಳುತ್ತವೆ. ಆಮೇಲೆ ಒಂದನ್ನೊಂದು ತುಳಿದುಕೊಂಡು ಮೇಲೇರುತ್ತವೆ. ಸಸಿ ದೊಡ್ಡದಾಗಿ ತಾನೇ ಬೀಜ ಕೊಡಲು 15-20 ವರ್ಷ ಬೇಕು. ಅಷ್ಟರೊಳಗೆ ಇನ್ನೊಂದು ಬೆಂಕಿ ಬಂದರೆ ಮುಗೀತು, ಆ ಜಾಗದಲ್ಲಿ ಮತ್ತೆ ಆ ಕಾಡು ಏಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು 1939. ಜನ ಅದನ್ನು ಕಪ್ಪು ಶುಕ್ರವಾರ ಎಂದು ಕರೆಯುತ್ತಾರೆ, ಏನೋ ಒಂದೇ ದಿನ ಆಕಾಶದಿಂದ ಬೆಂಕಿ ಬಿದ್ದ ಹಾಗೆ. ಆ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ ಅಂತ ನನಗನ್ನಿಸುತ್ತದೆ. ಆ ಬೇಸಿಗೆಯ ಹೊತ್ತಿಗೆ ಮಳೆ ಕೈಕೊಟ್ಟು ಬಹಳ ಕಾಲವಾಗಿತ್ತು. ಯಾವತ್ತೂ ಬತ್ತದ ಹಳ್ಳಗಳು ಬತ್ತಿದ್ದವು. ಸದಾ ತೇವ ಇರುವ ಕಾಡಿನ ನೆಲದಲ್ಲಿ ತರಗೆಲೆ ಕಾಲಿಟ್ಟರೆ ಪಟಪಟ ಅನ್ನುತ್ತಿತ್ತು. ಅಂಥ ಹೊತ್ತಿನಲ್ಲಿ, 1938ರ ಡಿಸೆಂಬರ್‌ನಿಂದಲೇ, ಬೆಟ್ಟಗಳಲ್ಲಿ ಅಲ್ಲಲ್ಲಿ ಬೆಂಕಿ ಉರಿಯುತ್ತಿತ್ತು. ದನ ಕುರಿ ಸಾಕುವವರು ಹೊಸ ಹುಲ್ಲು ಬರಲಿ ಎಂದು ಹಚ್ಚಿದ್ದು. ಜಮೀನು ಹಸನು ಮಾಡುವವರು ಕಡಿದ ಮರ ಸುಡಲು ಹಚ್ಚಿದ್ದು. ಚಿನ್ನ ಹುಡುಕುವವರು ನೆಲ ಕಾಣಲಿ ಎಂದು ಹಚ್ಚಿದ್ದು. ಬಿಡಾರ ಹೂಡಿದವರು ಆರಿಸದೆ ಬಿಟ್ಟ ಒಲೆ. ಒಂದೊಂದೂ ಸಣ್ಣದು. ಯಾರಿಗೂ ತಾನು ದೊಡ್ಡ ತಪ್ಪು ಮಾಡುತ್ತಿದ್ದೇನೆ ಅನ್ನಿಸಿರಲಿಲ್ಲ. ಎಲ್ಲರೂ ಮಾಡುವ ಕೆಲಸ, ಅಪ್ಪನೂ ಮಾಡಿದ್ದ, ಅಜ್ಜನೂ ಮಾಡಿದ್ದ.

ಈ ಸಣ್ಣ ಬೆಂಕಿಗಳನ್ನು ಆರಿಸುವ ಹೊಣೆ ಯಾರದ್ದು ಅನ್ನುವುದೇ ಗೊಂದಲ. ಸರ್ಕಾರಿ ಮೀಸಲು ಕಾಡು ಅರಣ್ಯ ಆಯೋಗದ್ದು. ಮೆಲ್ಬರ್ನ್‌ಗೆ ನೀರು ಕೊಡುವ ಜಲಾನಯನದ ಕಾಡು ನಗರದ ನೀರು ಮಂಡಳಿಯದ್ದು. ಅವರು ಅಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ, ಸುಡಲೂ ಬಿಡುತ್ತಿರಲಿಲ್ಲ. ಉಳಿದ ಸರ್ಕಾರಿ ಜಾಗಕ್ಕೆ ಕೇಳುವವರೇ ಇಲ್ಲ. ಬೆಂಕಿಗೆ ಈ ಗಡಿ ಗೊತ್ತೇ ಇಲ್ಲವಲ್ಲ. ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅನ್ನುವ ಮಾತು ನಮ್ಮ ತಾಲ್ಲೂಕು ಕಚೇರಿಯಲ್ಲಿ ಮಾತ್ರ ಕೇಳಿಬರುವುದು ಅಂದುಕೊಂಡಿದ್ದರೆ, ಇಲ್ಲ.

ಜನವರಿ 10ರಂದು ಮೆಲ್ಬರ್ನ್‌ನಲ್ಲಿ 44.7 ಡಿಗ್ರಿ ಸೆಲ್ಸಿಯಸ್. 13ರಂದು 45.6. ಆ ದಾಖಲೆ ಮುಂದೆ 70 ವರ್ಷ ಮುರಿಯಲಿಲ್ಲ. ಅವತ್ತು ಒಳನಾಡಿನ ಮರುಭೂಮಿಯ ಕಡೆಯಿಂದ ಬಿಸಿ ವಾಯವ್ಯ ಗಾಳಿ ಬೀಸಿತು. ವಾರಗಟ್ಟಲೆ ಬೇರೆ ಬೇರೆ ಕಣಿವೆಯಲ್ಲಿ ಮಲಗಿದ್ದ ಬೆಂಕಿಗಳು ಎದ್ದು ಕೂಡಿಕೊಂಡವು. ಇಲ್ಲಿ ಮರದ ಗುಣವೂ ಕೈಜೋಡಿಸುತ್ತದೆ. ಎಲೆಯಲ್ಲಿ ಎಣ್ಣೆ. ನೆಗಡಿ ಬಂದಾಗ ನಾವು ಬಿಸಿನೀರಿಗೆ ಹಾಕಿ ಆವಿ ತಗೊಳ್ತೀವಲ್ಲ, ಅದೇ. ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ನೇತಾಡುತ್ತದೆ. ಉರಿಯುವ ಆ ಪಟ್ಟಿಗಳನ್ನು ಗಾಳಿ ಎತ್ತಿಕೊಂಡು ಹೋಗಿ ಕಿಲೋಮೀಟರ್‌ಗಟ್ಟಲೆ ಮುಂದೆ ಹೊಸ ಬೆಂಕಿ ಹಚ್ಚುತ್ತದೆ. ಹಾಗಾಗಿ ಬೆಂಕಿ ಎದುರಿನಿಂದಲೇ ಬರಬೇಕೆಂದಿಲ್ಲ. ಓಡುವವನ ಮುಂದೆಯೂ ಅದು ಆಗಲೇ ಕೂತಿರುತ್ತದೆ.

ಒಟ್ಟು ಆ ಬೇಸಿಗೆಯಲ್ಲಿ ಸತ್ತವರು 71 ಜನ. ಸುಟ್ಟಿದ್ದು ಸುಮಾರು 20 ಲಕ್ಷ ಹೆಕ್ಟೇರ್, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಂಥವು ಎರಡು. ಸಾವಿರಕ್ಕೂ ಜಾಸ್ತಿ ಮನೆ, 69 ಸಾಮಿಲ್ ಬೂದಿಯಾದವು. ನಾರ್ಬೆಥಾಂಗ್, ನೂಜೀ, ವುಡ್ಸ್ ಪಾಯಿಂಟ್ ಊರುಗಳು ಅಳಿಸಿಹೋದವು. ನೂಜೀಯಲ್ಲಿ ಹೋಟೆಲೊಂದು ಬಿಟ್ಟರೆ ಬಹುತೇಕ ಏನೂ ಉಳಿಯಲಿಲ್ಲ. ಬೂದಿ ಸಮುದ್ರ ದಾಟಿ ನ್ಯೂಜಿಲೆಂಡಿನ ತನಕ ಹೋಗಿ ಬಿತ್ತು.

69 ಸಾಮಿಲ್ ಅನ್ನುವ ಲೆಕ್ಕ ಸುಮ್ನೆ ಆಸ್ತಿ ನಷ್ಟದ ಲೆಕ್ಕವಲ್ಲ. ನಮ್ಮಲ್ಲಿ ಸಾಮಿಲ್ ಅಂದರೆ ಊರ ಹೊರಗೆ, ರಸ್ತೆ ಬದಿ. ಕೂಪಿನಿಂದ ದಿಮ್ಮಿ ಲಾರಿಯಲ್ಲಿ ಅಲ್ಲಿಗೆ ಬರುತ್ತದೆ. ಆಗಿನ ವಿಕ್ಟೋರಿಯಾದಲ್ಲಿ ಇದು ಉಲ್ಟಾ. ದಿಮ್ಮಿ ಹೊರಗೆ ತರುವುದು ಕಷ್ಟ, ಅದಕ್ಕೇ ಮಿಲ್ಲನ್ನೇ ಕಾಡಿನ ನಡುವೆ ಕೂರಿಸುತ್ತಿದ್ದರು. ಕೊಯ್ದ ಹಲಗೆ ಮಾತ್ರ ಮರದ ಹಳಿಯ ಟ್ರಾಮಿನ ಮೇಲೆ ಹೊರಗೆ ಹೋಗುತ್ತಿತ್ತು. ಕಣಿವೆಯ ತಳದಲ್ಲಿ ಮಿಲ್ಲು. ಸುತ್ತ ಹಲಗೆ ಮನೆಗಳು, ಅಲ್ಲಿ ಕೆಲಸದವರ ಹೆಂಡತಿ ಮಕ್ಕಳು. ಪಕ್ಕದಲ್ಲಿ ಗುಡ್ಡದ ಹಾಗೆ ಮರದ ಹೊಟ್ಟು. ಕಡಿದು ಬಿಟ್ಟ ಕೊಂಬೆ ರೆಂಬೆ ಒಣಗಿ ಬಿದ್ದಿರುತ್ತದೆ. ಉಗಿ ಯಂತ್ರದ ಕಿಡಿ ಬೇರೆ. ಹೊರಹೋಗಲು ಇರುವುದು ಆ ಮರದ ಹಳಿ ಒಂದೇ. ಒಲೆಯೊಳಗೇ ಸಂಸಾರ ಹೂಡಿದ ಹಾಗೆ.

ಇದು ಯಾರಿಗೂ ಗೊತ್ತಿರಲಿಲ್ಲ ಅನ್ನುವಂತಿಲ್ಲ. 1926ರ ಫೆಬ್ರವರಿಯ ಒಂದು ಭಾನುವಾರ ಇದೇ ಬೆಟ್ಟಗಳಲ್ಲಿ 31 ಜನ ಸತ್ತಿದ್ದರು. 1932ರಲ್ಲಿ ಮತ್ತೆ ಮಿಲ್ಲಿನವರು ಸತ್ತರು. ಅದಕ್ಕೇ ಮಿಲ್ಲುಗಳ ಹತ್ತಿರ ಡಗ್‌ಔಟ್ ತೋಡಬೇಕು ಎಂಬ ಮಾತು ಬಂದಿತ್ತು. ಡಗ್‌ಔಟ್ ಅಂದರೆ ಗುಡ್ಡದ ಬದಿಗೆ ಕೊರೆದ ಗುಹೆ. ದಿಮ್ಮಿಯ ಆಧಾರ, ಮೇಲೆ ಮಣ್ಣು, ಬಾಗಿಲಿಗೆ ಕಂಬಳಿ. ಬೆಂಕಿ ಬಂದಾಗ ಒಳಗೆ ಸೇರಿಕೊಂಡು ಕಂಬಳಿಗೆ ನೀರು ಹಾಕುತ್ತ ಕೂರಬೇಕು. ಕಂಬಳಿ ಒಣಗಿ ಹೊತ್ತಿಕೊಳ್ಳುತ್ತದೆ, ಇನ್ನೊಂದು ಹಿಡಿಯಬೇಕು. ಕೈ ಸುಡುತ್ತದೆ, ಬಿಡುವಂತಿಲ್ಲ. ಎಷ್ಟೋ ಜನ ಹೀಗೆ ಬದುಕಿಕೊಂಡರು. ಒಳಗೆ ಹೊಗೆ ತುಂಬಿ ಸತ್ತವರೂ ಇದ್ದಾರೆ. ಇನ್ನು ಕೆಲವು ಮಾಲೀಕರು ಅದನ್ನು ತೋಡಿಸಿಯೇ ಇರಲಿಲ್ಲ. ಖರ್ಚು ಯಾಕೆ, ಇಷ್ಟು ವರ್ಷ ಏನಾಗಿಲ್ಲವಲ್ಲ ಎಂಬ ವಾದ. ಮ್ಯಾಟ್ಲಾಕ್ ಬಳಿಯ ಒಂದೇ ಮಿಲ್ಲಿನಲ್ಲಿ 15 ಜನ ಸತ್ತರು. ಒದ್ದೆ ಕಂಬಳಿ ಸುತ್ತಿಕೊಂಡಿದ್ದ ಒಬ್ಬ ಉಳಿದ.

ವಿಚಾರಣೆಗೆ ರಾಯಲ್ ಕಮಿಷನ್ ನೇಮಕವಾಯಿತು. ನಡೆಸಿದವರು ನ್ಯಾಯಾಧೀಶ ಲೆನರ್ಡ್ ಸ್ಟ್ರೆಟನ್. ಜನವರಿ ಮುಗಿಯುವ ಮೊದಲೇ ಹೀಲ್ಸ್‌ವಿಲ್‌ನಲ್ಲಿ ಕೂತು ಸಾಕ್ಷಿ ಕೇಳಲು ಶುರುಮಾಡಿದರು. ನೆಲದ ಬೂದಿ ಇನ್ನೂ ಹಾಗೇ ಇತ್ತು. ಮೇ ತಿಂಗಳಿಗೆ ವರದಿ ಕೊಟ್ಟೂ ಆಯಿತು. ಸರ್ಕಾರಿ ವರದಿಗಳ ಪೈಕಿ ಇದು ಅಪರೂಪದ್ದು. ಸಣ್ಣದು, ಖಾರದ್ದು, ಓದಿಸಿಕೊಂಡು ಹೋಗುವಂಥದ್ದು. ಇದರ ಒಂದು ಭಾಗ ಅಲ್ಲಿನ ಶಾಲೆಗಳ ಇಂಗ್ಲಿಷ್ ಪಠ್ಯವೂ ಆಗಿತ್ತು. ಅದರಲ್ಲಿನ ಒಂದು ಮಾತು ಈಗಲೂ ಅಲ್ಲಿ ಎಲ್ಲರ ಬಾಯಲ್ಲಿದೆ: ಈ ಬೆಂಕಿಗಳನ್ನು ಹಚ್ಚಿದ್ದು ಮನುಷ್ಯನ ಕೈ.

ನನಗೆ ಹೆಚ್ಚು ಕಾಡುವುದು ಮಾತ್ರ ಆ ವರದಿಯ ಇನ್ನೊಂದು ಭಾಗ. ಸಾಕ್ಷಿಗಳ ಬಗ್ಗೆ ಬರೆಯುತ್ತ ಸ್ಟ್ರೆಟನ್, ಸತ್ಯ ಹೊರಡಿಸುವುದೇ ಕಷ್ಟವಾಯಿತು ಅನ್ನುತ್ತಾರೆ. ಹೇಳಿದ್ದರಲ್ಲಿ ಬಹಳಷ್ಟಕ್ಕೆ ಸ್ವಾರ್ಥದ ಬಣ್ಣ, ಬಹಳಷ್ಟು ಶುದ್ಧ ಸುಳ್ಳು, ಪೂರ್ತಿ ನಿಜ ಕಡಿಮೆ. ಮಿಲ್ಲಿನ ಕೆಲಸಗಾರರಿಗೆ ಬಾಯಿಬಿಟ್ಟರೆ ನಾಳೆ ಯಾವ ಮಿಲ್ಲಿನಲ್ಲೂ ಕೆಲಸ ಸಿಗಲ್ಲ ಎಂಬ ಹೆದರಿಕೆ. ಅರಣ್ಯ ಅಧಿಕಾರಿಗಳಿಗೆ ಬಡ್ತಿ ತಪ್ಪೀತು ಎಂಬ ಹೆದರಿಕೆ. ಬೆಂಕಿ ಇಟ್ಟದ್ದು ಯಾರು ಎಂಬ ಪ್ರಶ್ನೆಗೆ ಹಳ್ಳಿ ಹಳ್ಳಿಯಲ್ಲಿ ಉತ್ತರ ಗೊತ್ತಿತ್ತು, ಹೇಳುವವರಿರಲಿಲ್ಲ. ಅಕ್ಕಪಕ್ಕದವರನ್ನು ಯಾರು ಎದುರು ಹಾಕಿಕೊಳ್ಳುತ್ತಾರೆ, ಅಲ್ವಾ? ವಾರಗಟ್ಟಲೆ ಸಣ್ಣ ಬೆಂಕಿಗಳನ್ನು ಹಾಗೇ ಉರಿಯಲು ಬಿಟ್ಟಿದ್ದೂ ಇದೇ ದಾಕ್ಷಿಣ್ಯ.

ವರದಿಯ ಪರಿಣಾಮ ದೊಡ್ಡದು. 1939ರಲ್ಲೇ ಕಾಯ್ದೆ ತಿದ್ದಿ, ಎಲ್ಲ ಸರ್ಕಾರಿ ಕಾಡಿನ ಬೆಂಕಿ ಹೊಣೆಯನ್ನು ಅರಣ್ಯ ಆಯೋಗಕ್ಕೆ ಕೊಟ್ಟರು. ಹಳ್ಳಿಗಾಡಿನ ಬೆಂಕಿಗೆ ಒಂದು ಪ್ರತ್ಯೇಕ ಪ್ರಾಧಿಕಾರ ಬರಲು ಇನ್ನೊಂದು ಸುತ್ತಿನ ಸಾವು, ಸ್ಟ್ರೆಟನ್ ಅವರದ್ದೇ ಇನ್ನೊಂದು ವಿಚಾರಣೆ ಬೇಕಾಯಿತು. ಅದು ಕೆಲಸ ಶುರುಮಾಡಿದ್ದು 1945ರಲ್ಲಿ. ಸತ್ತು ನಿಂತ ದೈತ್ಯ ಮರಗಳನ್ನು ಹಾಳಾಗುವ ಮೊದಲು ಕಡಿದು ಸಾಗಿಸುವ ಕೆಲಸ ಹತ್ತಾರು ವರ್ಷ ನಡೆಯಿತು. ನಡುವೆ ಮಹಾಯುದ್ಧ ಬಂದು ಆಳುಗಳೇ ಸಿಗದಾದರು. ಮಿಲ್ಲುಗಳು ಮತ್ತೆ ಕಾಡೊಳಗೆ ಹೋಗಲಿಲ್ಲ. ರಸ್ತೆ, ಲಾರಿ ಬಂದವು, ಮಿಲ್ಲು ಊರಿಗೆ ಬಂತು. ಈಗ ಮುಚ್ಚಿಹೋಗುತ್ತಿರುವ ಸಾಮಿಲ್ ಊರುಗಳಲ್ಲಿ ಹಲವು ಬೆಳೆದದ್ದೇ ಹಾಗೆ.

ಸ್ಟ್ರೆಟನ್ ಒತ್ತಿ ಹೇಳಿದ ಇನ್ನೊಂದು ಸಂಗತಿ, ತಂಪು ಹೊತ್ತಿನಲ್ಲಿ ಲೆಕ್ಕ ಹಾಕಿ ನಾವೇ ಸುಡಬೇಕು ಅನ್ನುವುದು. ತರಗೆಲೆ, ಕಡ್ಡಿ ಕಸ ಕಡಿಮೆಯಾದರೆ ಬೇಸಿಗೆಯ ಬೆಂಕಿಗೆ ಮೇವು ಕಡಿಮೆ. ಬಿಳಿಯರು ಬರುವ ಮೊದಲು ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಹುಲ್ಲುಗಾವಲು, ಒಣ ಕಾಡುಗಳನ್ನು ಹೀಗೆ ಸುಡುತ್ತ ಬಂದಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಅನ್ನುತ್ತಾರಲ್ಲ, ಅದರ ಅಣ್ಣ ಅನ್ನಿ. ಆದರೆ ಎಷ್ಟು ಸುಡಬೇಕು? ಇಲ್ಲಿ ಜಗಳ ಮುಗಿದೇ ಇಲ್ಲ. ವರ್ಷಕ್ಕೆ ಸರ್ಕಾರಿ ಕಾಡಿನ ಶೇ 5ರಷ್ಟಾದರೂ ಸುಡಿ ಎಂದು 2009ರ ಬೆಂಕಿಯ ನಂತರ ಕೂತ ಕಮಿಷನ್ ಹೇಳಿತು. ಗುರಿ ಮುಟ್ಟಲು ಇಲಾಖೆಯವರು ಜನವಸತಿಯಿಂದ ದೂರದ, ಸುಲಭದ ಜಾಗಗಳನ್ನು ಸುಟ್ಟು ಎಕರೆ ಲೆಕ್ಕ ತೋರಿಸುತ್ತಾರೆ ಎಂಬ ಟೀಕೆ ಬಂತು. 2015ರಲ್ಲಿ ಶೇ 5ರ ಲೆಕ್ಕ ಕೈಬಿಟ್ಟು, ಅಪಾಯ ಎಷ್ಟು ತಗ್ಗಿತು ಅನ್ನುವುದನ್ನೇ ಅಳೆಯುವ ಪದ್ಧತಿ ತಂದರು. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಮೌಂಟನ್ ಆ್ಯಶ್ ಕಾಡಿಗೆ ಈ ಮದ್ದು ಅಷ್ಟಾಗಿ ನಾಟುವುದೂ ಇಲ್ಲ. ಮಾಮೂಲಿ ದಿನಗಳಲ್ಲಿ ಅದು ಎಷ್ಟು ಒದ್ದೆ ಅಂದರೆ ಹಚ್ಚಿದರೂ ಹತ್ತುವುದಿಲ್ಲ. ಹತ್ತುವಷ್ಟು ಒಣಗಿದ ದಿನ ಹಚ್ಚಿದರೆ ನಿಲ್ಲುವುದಿಲ್ಲ, ಮರವೂ ಉಳಿಯುವುದಿಲ್ಲ.

2009ರ ಫೆಬ್ರವರಿ 7, ಶನಿವಾರ, ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. 1939ರ ದಾಖಲೆ ಅವತ್ತು ಮುರಿಯಿತು. ಒಳನಾಡಿನ ಅದೇ ಬಿಸಿಗಾಳಿ, ಸಂಜೆಗೆ ಅದೇ ನೈಋತ್ಯದ ತಂಗಾಳಿ. ತಂಗಾಳಿ ಅಂದರೆ ನೆಮ್ಮದಿ ಅಂದುಕೊಳ್ಳಬೇಡಿ. ಅದು ಉದ್ದಕ್ಕೆ ಉರಿಯುತ್ತಿದ್ದ ಬೆಂಕಿಯ ಪಕ್ಕೆಯನ್ನೇ ತಿರುಗಿಸಿ ಅಗಲವಾದ ಮುಖ ಮಾಡಿಬಿಡುತ್ತದೆ. 173 ಜನ ಸತ್ತರು. ನಾರ್ಬೆಥಾಂಗ್ ಮತ್ತೆ ಸುಟ್ಟಿತು. ಅತಿ ಹೆಚ್ಚು ಜನರನ್ನು ಕೊಂದ ಬೆಂಕಿ ಶುರುವಾಗಿದ್ದು ಹಳೆಯ ಕರೆಂಟು ತಂತಿಯೊಂದು ತುಂಡಾಗಿ. ಮನುಷ್ಯನ ಕೈ ಈ ಸಲ ತಂತಿಯ ರೂಪದಲ್ಲಿತ್ತು. ಅದು ಬಿಟ್ಟರೆ 1939ರ ಮಿಲ್ಲಿನವರು ಗುರುತಿಸದಂಥದ್ದು ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ಈಗ ನೀರು. ಮೆಲ್ಬರ್ನ್‌ನಲ್ಲಿರುವ ಕನ್ನಡಿಗರ ಮನೆಯ ನಲ್ಲಿಯಲ್ಲಿ ಬರುವ ನೀರಿನ ಬಹುಪಾಲು ಈ ಬೆಟ್ಟಗಳದ್ದು. ಹಳೆಯ ಕಾಡು ಮಳೆನೀರನ್ನು ಧಾರಾಳವಾಗಿ ಹಳ್ಳಕ್ಕೆ ಬಿಡುತ್ತದೆ. ಹರೆಯದ ಕಾಡು ಹಾಗಲ್ಲ, ಬೆಳೆಯುವ ಹುಡುಗರಿಗೆ ಹಸಿವು ಜಾಸ್ತಿ. 1939ರ ನಂತರ ಮೊಳೆತ ಕಾಡಿನಿಂದ ಬರುವ ನೀರು ಸುಮಾರು 25-30 ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮೊದಲಿನ ಮಟ್ಟಕ್ಕೆ ಬರಲು 100 ವರ್ಷಕ್ಕೂ ಜಾಸ್ತಿ ಬೇಕು. ಹಾಗಾಗಿ ಒಂದು ಕಾಡು ಸುಟ್ಟರೂ ಅಷ್ಟೇ, ಬೋಳಿಸಿ ಕಡಿದು ಹೊಸದು ಬೆಳೆಸಿದರೂ ಅಷ್ಟೇ, ನಗರದ ನೀರಿನ ಲೆಕ್ಕ ತಲೆಮಾರುಗಳ ಕಾಲ ಏರುಪೇರಾಗುತ್ತದೆ. ನೀಲಗಿರಿ ನೀರು ಕುಡಿಯುತ್ತದೆ ಅನ್ನುವ ನಮ್ಮ ರೈತರ ದೂರು ಅಲ್ಲಿನ ಜಲಾಶಯದ ಎಂಜಿನಿಯರುಗಳಿಗೂ ಗೊತ್ತಿರುವುದೇ.

ಕೊನೆಗೆ ಆ ಪುಟ್ಟ ಪ್ರಾಣಿ. ಲೆಡ್‌ಬೀಟರ್ಸ್ ಪಾಸಮ್. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು, ರಾತ್ರಿ ಓಡಾಡುತ್ತದೆ, ಹಗಲು ಮರದ ಪೊಟರೆಯಲ್ಲಿ ಕುಟುಂಬ ಸಮೇತ ಮಲಗುತ್ತದೆ. 1939ರ ಬೆಂಕಿಯಲ್ಲಿ ಅದರ ವಂಶವೇ ಮುಗಿಯಿತು ಎಂದು ಎಲ್ಲರೂ ತಿಳಿದಿದ್ದರು. 1961ರಲ್ಲಿ ಮೇರಿಸ್‌ವಿಲ್ ಹತ್ತಿರ ಮತ್ತೆ ಕಾಣಿಸಿತು. ತಮಾಷೆ ಅಂದರೆ ಆ ಬೆಂಕಿಯೇ ಅದಕ್ಕೆ ಮನೆ ಕಟ್ಟಿಕೊಟ್ಟಿತ್ತು. ಸತ್ತು ನಿಂತ ಹಳೆಯ ಮರಗಳಲ್ಲಿ ಪೊಟರೆ, ಕೆಳಗೆ ಹೊಸದಾಗಿ ಎದ್ದ ಜಾಲಿ ಜಾತಿಯ ಗಿಡಗಳ ಅಂಟು. ಊಟ ವಸತಿ ಎರಡೂ ಒಂದೇ ಕಡೆ. 1971ರಲ್ಲಿ ಅದು ವಿಕ್ಟೋರಿಯಾದ ರಾಜ್ಯಪ್ರಾಣಿ ಆಯಿತು. ಆದರೆ ಸತ್ತ ಮರ ಎಷ್ಟು ವರ್ಷ ನಿಂತೀತು? ಒಂದೊಂದಾಗಿ ಬೀಳುತ್ತಿವೆ. 1939ರಲ್ಲಿ ಹುಟ್ಟಿದ ಮರಗಳಲ್ಲಿ ಪೊಟರೆ ಆಗಲು ಕಡಿಮೆ ಅಂದರೂ 120 ವರ್ಷ ಬೇಕು. ಅಂದರೆ 2059ರ ತನಕ ಕಾಯಬೇಕು. ಸಾಮಿಲ್ಲಿಗೆ ಮಾತ್ರ 80 ವರ್ಷದ ಮರ ಹದವಾದ ಮಾಲು. ಕೋರ್ಟು, ಮೊಕದ್ದಮೆ, ಕೂಪಿನ ಮುಂದೆ ಧರಣಿ, ಎಲ್ಲ ಈ 40 ವರ್ಷದ ಅಂತರದಲ್ಲೇ ನಡೆದದ್ದು.

ಕಡಿಯುವುದರಿಂದ ಕಾಡು ಇನ್ನೂ ಜೋರಾಗಿ ಉರಿಯುತ್ತದೆಯೇ ಅನ್ನುವುದು ಬೇರೆ ವಿವಾದ. ಕಡಿದ ನಂತರ ಬೆಳೆದ ಒತ್ತು ಕಾಡು ಹಳೆಯ ಕಾಡಿಗಿಂತ ತೀವ್ರವಾಗಿ ಸುಡುತ್ತದೆ ಎಂದು ಡೇವಿಡ್ ಲಿಂಡೆನ್‌ಮೇಯರ್ ಅವರಂಥ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ. ಅಂಥ ಗಾಳಿ ಬಿಸಿಲಿನ ದಿನ ಯಾವ ಕಾಡಾದರೂ ಒಂದೇ ಎಂದು ಫಾರೆಸ್ಟರುಗಳು ತಿರುಗಿ ಹೇಳುತ್ತಾರೆ. ಅವರ ಇನ್ನೊಂದು ಮಾತಿಗೆ ಮಾತ್ರ ತೂಕ ಇದೆ. ಬೆಂಕಿ ಬಂದಾಗ ಬುಲ್ಡೋಜರ್ ತಗೊಂಡು ಮೊದಲು ಓಡುತ್ತಿದ್ದವರು ನಾಟಾ ಕೆಲಸದ ಆಳುಗಳೇ. ಕಾಡಿನ ದಾರಿ ಗೊತ್ತಿದ್ದವರೂ ಅವರೇ. ಅವರು ಹೊರಟುಹೋದರೆ ಮುಂದಿನ ಸಲ ಯಾರು?

ಅಷ್ಟರಲ್ಲಿ ಬೆಂಕಿಗಳ ನಡುವಿನ ಅಂತರ ಕಡಿಮೆಯಾಗುತ್ತಿದೆ. 2003, 2006-07, 2009, 2019-20. ಕೆಲವು ಬೆಟ್ಟಗಳು 20 ವರ್ಷದೊಳಗೆ ಎರಡು ಸಲ, ಮೂರು ಸಲ ಸುಟ್ಟಿವೆ. ಬೀಜ ಕೊಡುವ ವಯಸ್ಸಿಗೆ ಮೊದಲೇ ಸುಟ್ಟ ಆ್ಯಶ್ ಕಾಡಿನ ಮೇಲೆ ಸರ್ಕಾರ ಹೆಲಿಕಾಪ್ಟರ್‌ನಿಂದ ಬೀಜ ಚೆಲ್ಲಿಸುತ್ತಿದೆ. ಆ ಬೀಜ ಬರಬೇಕಾದದ್ದೂ ಇನ್ನೂ ಸುಡದೆ ಉಳಿದ ದೊಡ್ಡ ಮರಗಳಿಂದಲೇ.

ಪಾಸಮ್‌ಗೆ 2059ರ ತನಕ ಕಾಯಲು ಪುರುಸೊತ್ತಿಲ್ಲ ಎಂದು ಇನ್ನೊಂದು ಕೆಲಸವೂ ನಡೆದಿದೆ. ಮರ ಹತ್ತುವ ಕೆಲಸಗಾರರು ಹಗ್ಗ ಕಟ್ಟಿಕೊಂಡು, ಚೈನ್ ಗರಗಸ ಸೊಂಟಕ್ಕೆ ತೂಗಿಸಿಕೊಂಡು ಮೇಲೇರುತ್ತಾರೆ. ಬದುಕಿರುವ ಮರದ ಕಾಂಡದಲ್ಲಿ ಒಂದು ಗೂಡಿನಷ್ಟು ಕೊರೆಯುತ್ತಾರೆ. ತೆಗೆದ ಹಲಗೆಯನ್ನೇ ಮುಚ್ಚಳದ ಹಾಗೆ ತಿರುಗಿ ಕೂರಿಸಿ, ನಡುವೆ ಪ್ರಾಣಿ ನುಸುಳುವಷ್ಟು ಒಂದು ತೂತು ಬಿಟ್ಟು ಕೆಳಗೆ ಇಳಿಯುತ್ತಾರೆ. ಪಾಸಮ್‌ಗಳು ಅದರೊಳಗೆ ತೊಗಟೆ ತಂದು ಹಾಸಿಕೊಂಡು ಸಂಸಾರ ಹೂಡಿವೆ.